ಚರ್ಮದ ಪಾಠಕ್ಕೆ ಸಿಕ್ಕವರು

ನರ್ಸಿಂಗ್ ವಿದ್ಯಾರ್ಥಿನಿಯರಿಗೆ ನಾನು ಚರ್ಮದ ಪಾಠ ಶುರು ಮಾಡಿದ ವಾರ ಏನಾದರೊಂದು ಆಗಿಯೇ ಆಗುತ್ತದೆ. ಹೃದಯದ ಪಾಠದಲ್ಲಿ ಹೀಗಾಗುವುದಿಲ್ಲ, ಮೂತ್ರಪಿಂಡದಲ್ಲೂ ಇಲ್ಲ. ಅವೆಲ್ಲ ಒಳಗಿರುವ ವಸ್ತುಗಳು, ರೋಗಿಗೆ ಕಾಣುವುದಿಲ್ಲ, ಹಾಗಾಗಿ ಅವುಗಳ ಬಗ್ಗೆ ಅವನಿಗೆ ಅಭಿಪ್ರಾಯವೂ ಇಲ್ಲ. ಚರ್ಮ ಹಾಗಲ್ಲ. ಅದು ಎಲ್ಲರ ಕಣ್ಣಿಗೆ ಬೀಳುತ್ತದೆ, ಅದರ ಬಗ್ಗೆ ಎಲ್ಲರಿಗೂ ಗೊತ್ತಿದೆ.

ಹದಿನಾರು ವರ್ಷ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದು, ಈಗ ಒಂಬತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಬೆಳಿಗ್ಗೆ ತರಗತಿ, ಆಮೇಲೆ ಅದೇ ಹುಡುಗಿಯರನ್ನು ಕರೆದುಕೊಂಡು ಆಸ್ಪತ್ರೆಯ ವಾರ್ಡು. ತರಗತಿಯಲ್ಲಿ ನಾನು ಹೇಳಿದ್ದಕ್ಕೂ ವಾರ್ಡಿನಲ್ಲಿ ನಡೆದದ್ದಕ್ಕೂ ಎಷ್ಟು ದೂರ ಅಂತ ಈಗ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಮೊದಲ ಪ್ರಶ್ನೆ

ಹೊಸ ಬ್ಯಾಚಿಗೆ ಮೊದಲ ದಿನ ಒಂದೇ ಪ್ರಶ್ನೆ ಕೇಳುತ್ತೇನೆ. "ಚರ್ಮದ ಕೆಲಸ ಏನು?"

ಕಳೆದ ವರ್ಷ ಮುಂದಿನ ಬೆಂಚಿನವರೆಲ್ಲ ಪುಸ್ತಕ ತೆರೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಹುದಿಕೇರಿ ಕಡೆಯ ಹುಡುಗಿಯೊಬ್ಬಳು ಎದ್ದಳು. "ಒಳಗಿರೋದು ಹೊರಗೆ ಬೀಳದ ಹಾಗೆ ನೋಡ್ಕೊಳ್ಳೋದು, ಮೇಡಂ."

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. "ಕೂತ್ಕೋ, ಪುಸ್ತಕದಲ್ಲಿ ಇರೋ ಹಾಗೆ ಹೇಳ್ಬೇಕು" ಅಂದೆ. ಆಮೇಲೆ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದೆ. ದೇಹದೊಳಗಿನ ದ್ರವವನ್ನು ಕಾಪಾಡುವುದು, ಒಳ ಅಂಗಗಳಿಗೆ ಹೊದಿಕೆಯಾಗುವುದು, ಹೊರಗಿನಿಂದ ರೋಗಾಣು ಬಾರದಂತೆ ತಡೆಯುವುದು. ಓದುತ್ತಾ ಹೋದ ಹಾಗೆ ನನ್ನ ದನಿ ಸಣ್ಣಗಾಯಿತು.

ಹುಡುಗಿ ಮತ್ತೆ ಕೈ ಎತ್ತಿದಳು. "ಮೇಡಂ, ಹೊರಗಿಂದು ಒಳಗೆ ಬಾರದ ಹಾಗೆ ಅಂತ ಒಂದು ಬಿಟ್ಟಿದ್ದೆ. ಸೇರಿಸ್ಕೊಳ್ಳಲಾ?"

ಅಜ್ಜಿಯ ಸ್ನಾನ

ಹಾಸಿಗೆ ಬಿಟ್ಟು ಏಳಲಾಗದವರಿಗೆ ಹಾಸಿಗೆಯಲ್ಲೇ ಮೈ ಒರೆಸುವುದು ನಮ್ಮ ಹುಡುಗಿಯರು ಕಲಿಯುವ ಮೊದಲ ಕೆಲಸಗಳಲ್ಲಿ ಒಂದು. ಕೇಳಲು ಸುಲಭ, ಮಾಡಲು ಅಲ್ಲ. ಸುತ್ತ ಪರದೆ ಎಳೆಯಬೇಕು. ನೀರಿನ ಬಿಸಿ ನೋಡಬೇಕು. ಮೈಮೇಲೆ ಚಾದರ ಹೊದಿಸಿ, ಒಂದು ಸಲಕ್ಕೆ ಒಂದೇ ಭಾಗ ತೆರೆದು, ತೊಳೆದು, ಒರೆಸಿ, ಮುಚ್ಚಿ, ಆಮೇಲೆ ಇನ್ನೊಂದು ಭಾಗ ತೆರೆಯಬೇಕು. ರೋಗಿಗೆ ಚಳಿಯೂ ಆಗಬಾರದು, ನಾಚಿಕೆಯೂ ಆಗಬಾರದು. ಜೊತೆಗೆ ಮೈಯಲ್ಲಿ ಎಲ್ಲಾದರೂ ಕೆಂಪು, ಗಾಯ, ಬಾವು ಇದೆಯಾ ಅಂತ ನೋಡುತ್ತಾ ಹೋಗಬೇಕು.

ನಮ್ಮ ವಾರ್ಡಿಗೆ ಭಾಗಮಂಡಲದ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಅರೆಭಾಷೆಯವರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಆರು ದಿನದಿಂದ ಸ್ನಾನವಿಲ್ಲ, ಅದೇ ಅವರಿಗೆ ನೋವಿಗಿಂತ ದೊಡ್ಡ ಸಂಕಟ. ಸೊಸೆ ಬಂದರೆ, ಮಗಳು ಬಂದರೆ, ಡಾಕ್ಟರು ಬಂದರೆ, ಎಲ್ಲರಿಗೂ ಒಂದೇ ಮಾತು: "ನಂಗೆ ಒಂದು ಹಂಡೆ ಬಿಸಿನೀರು ಕೊಡಿ, ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ."

ಆ ದಿನ ಸರದಿ ಒಬ್ಬ ಬಹಳ ಶಿಸ್ತಿನ ಹುಡುಗಿಯದು. ಪುಸ್ತಕದ ಒಂದಕ್ಷರವನ್ನೂ ಬಿಡುವವಳಲ್ಲ. ಸಣ್ಣ ಬೇಸಿನ್ನಿನಲ್ಲಿ ನೀರು ತಂದಳು. ಅಜ್ಜಿ ಬೇಸಿನ್ ನೋಡಿದರು, ಹುಡುಗಿಯನ್ನು ನೋಡಿದರು.

"ಇದು ಯಾರಿಗೆ?"

"ನಿಮಗೇ ಅಜ್ಜಿ. ಸ್ನಾನಕ್ಕೆ."

ಹುಡುಗಿ ಮುಖ ಒರೆಸಿದಳು, ಮುಚ್ಚಿದಳು. ಬಲಗೈ ತೆಗೆದಳು, ತೊಳೆದಳು, ಒರೆಸಿದಳು, ಚಾದರದೊಳಗೆ ಇಟ್ಟಳು. ಎಡಗೈ ತೆಗೆದಳು. ಪರದೆಯೊಳಗೆ ಒಂದು ಮೂಲೆಯಲ್ಲಿ ನಿಂತು ನಾನು ಅಂಕ ಹಾಕುತ್ತಿದ್ದೆ. ಒಂದು ತಪ್ಪೂ ಸಿಗಲಿಲ್ಲ. ಬಲಗಾಲಿಗೆ ಬರುವ ಹೊತ್ತಿಗೆ ಅಜ್ಜಿಗೆ ತಡೆಯಲಾಗಲಿಲ್ಲ.

"ಎಂತ ಗೂಡೆ ನೀನು!" ಅಂದರು. ಅವರ ಭಾಷೆಯಲ್ಲಿ ಗೂಡೆ ಎಂದರೆ ಹುಡುಗಿ. "ಒಂದೊಂದೇ ತೆಗೀತಿ, ತೊಳೀತಿ, ಒರೆಸಿ ಮುಚ್ಚಿಡ್ತಿ. ನಾನೇನು ನಿಮ್ಮ ಮನೆ ಪಾತ್ರೆಯಾ?"

ಹುಡುಗಿ ಕೈಯಲ್ಲಿ ಕಾಲು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ನಾನು ಮುಂದುವರಿಸು ಅಂತ ಸನ್ನೆ ಮಾಡಿದೆ.

ಕೊನೆಗೆ ಬೆನ್ನು. ಮೆಲ್ಲಗೆ ಮಗ್ಗುಲು ಮಾಡಿ, ಬಿಸಿ ಬಟ್ಟೆಯಲ್ಲಿ ಉಜ್ಜಿ, ಎಣ್ಣೆ ಸವರಿದಳು. ಅಜ್ಜಿ ಕಣ್ಣು ಮುಚ್ಚಿದರು. ಕೆಲಸ ಮುಗಿದು ಹುಡುಗಿ ಪರದೆ ಸರಿಸುವಾಗ ಅಜ್ಜಿ ಕಣ್ಣು ತೆರೆಯದೆ ಅಂದರು:

"ಆ ದೊಡ್ಡ ಪಾತ್ರೆ ಇನ್ನೊಂದು ಸಲ ಉಜ್ಜು."

ಕಾಲಿಗೆ ನೀರು

ನಮ್ಮ ಹುಡುಗಿಯರಲ್ಲಿ ಅರ್ಧ ಜನ ಕೇರಳದವರು. ಮೂರು ತಿಂಗಳಲ್ಲಿ ಕನ್ನಡ ಕಲಿತುಬಿಡುತ್ತಾರೆ. ತೊಂದರೆ ಇರುವುದು ಬಾರದ ಕನ್ನಡದಲ್ಲಲ್ಲ, ಎರಡೂ ಕಡೆ ಇರುವ ಮಾತಿನಲ್ಲಿ.

ಮಲಯಾಳದಲ್ಲಿ ಬಾವು ಬಂದರೆ 'ನೀರು' ಅನ್ನುತ್ತಾರೆ. ಕಾಲು ಊದಿಕೊಂಡರೆ ಕಾಲಿಗೆ ನೀರು. ಇದು ನನಗೆ ಗೊತ್ತಿತ್ತು. ಗಂಡಸರ ವಾರ್ಡಿನಲ್ಲಿದ್ದ ಶುಂಠಿ ವ್ಯಾಪಾರಿಗೆ ಗೊತ್ತಿರಲಿಲ್ಲ. ಕುಶಾಲನಗರದವರು, ಉಸಿರಾಟದ ತೊಂದರೆಗೆ ಸೇರಿದ್ದರು. ಆ ದಿನ ಆಸ್ಪತ್ರೆಯ ಮೋಟಾರ್ ಕೆಟ್ಟು ಬೆಳಗಿನಿಂದ ನಲ್ಲಿಯಲ್ಲಿ ಒಂದು ಹನಿ ಬಂದಿರಲಿಲ್ಲ.

ಕೇರಳದಿಂದ ಆಗಷ್ಟೇ ಬಂದಿದ್ದ ಹುಡುಗಿಯೊಬ್ಬಳು ಕೇಸ್ ಶೀಟ್ ಹಿಡಿದುಕೊಂಡು ಅವರ ಹತ್ತಿರ ಹೋದಳು. ಬಹಳ ವಿನಯದಿಂದ ಕೇಳಿದಳು. "ಅಂಕಲ್, ಕಾಲಿಗೆ ನೀರು ಉಂಟಾ?"

ವ್ಯಾಪಾರಿಗೆ ಸಿಟ್ಟು ಬಂತು. "ಕುಡಿಯೋಕೇ ಇಲ್ಲ, ಕಾಲಿಗೆಲ್ಲಿಂದ ತರೋದು?"

ಹುಡುಗಿಗೆ ಅರ್ಥವಾದದ್ದು 'ಇಲ್ಲ' ಮಾತ್ರ. ಬರೆದುಕೊಂಡಳು. "ಕೈಗೆ?"

"ಕೈಗೂ ಇಲ್ಲ."

"ಮುಖಕ್ಕೆ?"

"ಬೆಳಗ್ಗಿಂದ ಮುಖಾನೇ ತೊಳೆದಿಲ್ಲ ಕಣಮ್ಮ! ಹೋಗಿ ನಿಮ್ಮ ದೊಡ್ಡವರಿಗೆ ಹೇಳು."

ಅವಳು ಬಂದು ನನಗೆ ಹೇಳಿದಳು. ಕಾಲಲ್ಲಿ ಬಾವಿಲ್ಲ, ಕೈಯಲ್ಲಿಲ್ಲ, ಮುಖದಲ್ಲಿಲ್ಲ, ಆದರೆ ಅವರಿಗೆ ಯಾಕೋ ಬಹಳ ಬೇಜಾರಿದೆ. ನಾನು ಅವಳನ್ನು ಕರೆದುಕೊಂಡು ಹೋಗಿ ಹೊದಿಕೆ ಸರಿಸಿದೆ. ಎರಡೂ ಕಾಲು ಕಂಬದ ಹಾಗೆ ಊದಿದ್ದವು. ಮುಂಗಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಗುಳಿ ಹಾಗೆಯೇ ನಿಂತಿತು. ತಕ್ಷಣ ಡಾಕ್ಟರನ್ನು ಕರೆಸಿದೆ, ಅವರು ನೋಡಿ ಔಷಧಿ ಬದಲಿಸಿದರು. ಕೇಳಿ ಬರೆಯುವುದಲ್ಲ, ಮುಟ್ಟಿ ನೋಡುವುದು ಅಂತ ಹುಡುಗಿಗೆ ನಾನು ಅಲ್ಲೇ ಪಾಠ ಹೇಳಿದೆ. ಅವಳ ಕಣ್ಣಲ್ಲಿ ನೀರು. ಇದು ಎರಡೂ ಭಾಷೆಯ ನೀರು.

ಡಾಕ್ಟರು ಹೊರಡುವಾಗ ರೋಗಿಗೆ ಸಮಾಧಾನ ಹೇಳಿದರು. "ಕಾಲಲ್ಲಿ ನೀರು ತುಂಬಿದೆ, ಎರಡು ದಿನದಲ್ಲಿ ಇಳಿಯುತ್ತೆ."

ವ್ಯಾಪಾರಿ ತಮ್ಮ ಕಾಲನ್ನು ನೋಡಿದರು, ಒಣಗಿದ ನಲ್ಲಿಯನ್ನು ನೋಡಿದರು. "ಇಡೀ ಆಸ್ಪತ್ರೆಗೆ ಇಲ್ಲದ್ದು ನನ್ನೊಬ್ಬನಿಗೆ ಬಂದಿದೆಯಾ?"

ರೈಟರ ಹಾಜರಿ

ವರ್ಷಕ್ಕೊಮ್ಮೆ ಹುಡುಗಿಯರನ್ನು ಕಾಫಿ ಎಸ್ಟೇಟಿನ ಕೆಲಸದವರ ಲೈನ್ ಮನೆಗಳಿಗೆ ಕರೆದುಕೊಂಡು ಹೋಗುತ್ತೇವೆ. ಆ ಸಲ ಹೋದ ಎಸ್ಟೇಟಿನ ಲೈನಿನಲ್ಲಿ ಕಜ್ಜಿ ಹಬ್ಬಿತ್ತು. ಹಣ್ಣು ಕುಯ್ಯುವ ಕಾಲ. ಒಂದು ಕೈ ಗಿಡದಲ್ಲಿ, ಒಂದು ಕೈ ಸೊಂಟದಲ್ಲಿ, ಹೀಗೆ ಎಲ್ಲರೂ ತುರಿಸಿಕೊಳ್ಳುತ್ತಲೇ ಪಿಕಿಂಗ್ ಮಾಡುತ್ತಿದ್ದರು.

ಕಜ್ಜಿಗೆ ಮದ್ದು ಕಷ್ಟವಲ್ಲ. ಕುತ್ತಿಗೆಯಿಂದ ಪಾದದವರೆಗೆ ಮುಲಾಮು ಹಚ್ಚಿ ಮಲಗಬೇಕು, ಬೆಳಿಗ್ಗೆ ಸ್ನಾನ ಮಾಡಬೇಕು, ಬಟ್ಟೆ ಹೊದಿಕೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಕಷ್ಟ ಇರುವುದು ಒಂದೇ ಕಡೆ: ಎಲ್ಲರೂ ಒಂದೇ ದಿನ ಹಚ್ಚಬೇಕು. ಒಬ್ಬ ಬಿಟ್ಟರೆ ಎಲ್ಲರಿಗೂ ವಾಪಸ್.

ಲೈನಿನ ಪ್ರತಿ ಮನೆಗೂ ಮುಲಾಮು ಕೊಟ್ಟು, ಹಚ್ಚಿಸಿ ಬಂದೆವು. ಮೂರು ವಾರ ಬಿಟ್ಟು ಹೋದರೆ ಮತ್ತೆ ಅದೇ ತುರಿಕೆ. ಇನ್ನೊಂದು ಸಲ ಕೊಟ್ಟೆವು. ಮತ್ತೆ ಬಂತು. ಈಗ ಜನ ಒಬ್ಬರ ಮೇಲೆ ಬೆರಳು ತೋರಿಸತೊಡಗಿದರು. ಲೈನಿನ ಕೊನೇ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಕೆಲಸಕ್ಕೆ ಹೋದವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಮೊದಲು ತುರಿಕೆ ಶುರುವಾಗುವುದು ಪ್ರತಿ ಸಲ ಅವರಿಗೇ. ಅವರು ನಲ್ಲಿಯ ಹತ್ತಿರ ಬಂದರೆ ಉಳಿದವರು ಕೊಡ ಎತ್ತಿಕೊಂಡು ದೂರ ಹೋಗುತ್ತಿದ್ದರು. "ನಾನು ಸರಿಯಾಗೇ ಹಚ್ಚಿದ್ದೇನೆ ಸಿಸ್ಟರ್, ದೇವರಾಣೆ" ಅಂತ ಅಜ್ಜಿ ಅಳುತ್ತಿದ್ದರು.

ಎಸ್ಟೇಟಿನ ರೈಟರ್ ನಮ್ಮ ಜೊತೆಗೇ ನಿಂತಿದ್ದರು. ಬೆಳಿಗ್ಗೆ ಕೆಲಸದವರ ಹಾಜರಿ ಕೂಗುವವರು, ಇವತ್ತು ಯಾರು ಯಾವ ತೋಟಕ್ಕೆ ಅಂತ ಹೇಳುವವರು ಅವರೇ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಹಾಜರಿ ಪುಸ್ತಕ. "ಇವರಿಗೆ ಎಷ್ಟು ಹೇಳಿದ್ರೂ ಅಷ್ಟೇ ಮೇಡಂ. ಶುಚಿತ್ವ ಇಲ್ಲ" ಅಂದರು.

ನಮ್ಮ ಗುಂಪಿನಲ್ಲಿ ಶನಿವಾರಸಂತೆಯ ಒಬ್ಬ ಹುಡುಗಿ ಇದ್ದಳು, ಮಾತು ಕಡಿಮೆ. ಅವಳು ಅಜ್ಜಿಯ ಸೊಂಟದ ಮೇಲೆ ಕೂತಿದ್ದ ಮಗುವಿನ ಬೆರಳುಗಳನ್ನು ಬಿಡಿಸಿ ನೋಡುತ್ತಿದ್ದಳು. ಬೆರಳ ಸಂದಿಯಲ್ಲೆಲ್ಲ ಸಣ್ಣ ಸಣ್ಣ ಗುಳ್ಳೆ.

"ಇದು ಯಾರ ಮಗು ಅಜ್ಜಿ?"

"ರೈಟರದ್ದು."

ಎಲ್ಲರೂ ರೈಟರ ಕಡೆ ತಿರುಗಿದರು. ಹಾಜರಿ ಪುಸ್ತಕದ ಹಿಂದೆ ಅವರ ಎಡಗೈ ಬಲಗೈಯ ಮಣಿಕಟ್ಟನ್ನು ನಿಧಾನವಾಗಿ ಕೆರೆಯುತ್ತಿತ್ತು.

"ಸರ್, ನಿಮ್ಮ ಮನೇಲಿ ಮುಲಾಮು ಹಚ್ಚಿದ್ರಾ?" ಹುಡುಗಿ ಕೇಳಿದಳು.

"ನಾವ್ಯಾಕೆ ಹಚ್ಚೋದು? ಅದು ಲೈನಿನವರ ಕಾಯಿಲೆ. ನಮ್ಮದು ಕ್ವಾರ್ಟರ್ಸ್."

"ಕೈ ಕೆರೀತಾ ಇದೀರಲ್ಲ ಸರ್?"

"ಇದು ಅಲರ್ಜಿ."

"ಅಲರ್ಜಿಗೂ ಇದನ್ನೇ ಹಚ್ಚಿ ಸರ್" ಅಂತ ಅವಳು ಮೂರು ಟ್ಯೂಬ್ ಅವರ ಪುಸ್ತಕದ ಮೇಲಿಟ್ಟಳು. "ಇವತ್ತೇ. ಮನೆಯವರೆಲ್ಲ. ಲೈನಿನವರೂ ಇವತ್ತೇ ಮತ್ತೆ ಹಚ್ತಾರೆ."

ಮರುದಿನ ಬೆಳಿಗ್ಗೆ ನಾವು ಬೇಗನೇ ಹೋದೆವು. ಕೆಲಸದವರೆಲ್ಲ ಸಾಲಾಗಿ ನಿಂತಿದ್ದರು. ರೈಟರ್ ಪುಸ್ತಕ ತೆರೆದರು. ಮೊದಲ ಹೆಸರು ಕೂಗುವ ಮುಂಚೆ ಅಜ್ಜಿ ಮಗುವನ್ನು ಎತ್ತಿಕೊಂಡು ಮುಂದೆ ಬಂದರು.

"ರೈಟರೇ, ಹಚ್ಚಿದ್ರಾ?"

ರೈಟರ್ ಅತ್ತ ಇತ್ತ ನೋಡಿದರು. "ಹೂಂ."

"ಯಜಮಾನ್ತಿ?"

"ಹಚ್ಚಿದ್ಲು."

"ನಿಮ್ಮ ಅಮ್ಮ?"

"ಹಚ್ಚಿದ್ದಾರೆ."

"ಬೆನ್ನಿಗೆ?"

"ಬೆನ್ನಿಗೂ ಹಚ್ಚಿದೆ ಅಜ್ಜಿ!"

ತುರಿಕೆ ಆಮೇಲೆ ಮರಳಿ ಬರಲಿಲ್ಲ. ಆ ಎಸ್ಟೇಟಿನಲ್ಲಿ ಆ ದಿನ ಮೊದಲ ಹಾಜರಿ ಬಿದ್ದದ್ದು ರೈಟರದ್ದು.

ಏಳು ಮತ್ತು ಎಂಟು

ಅಲುಗಾಡಲಾಗದೆ ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದೇ ಕಡೆ ಭಾರ ಬಿದ್ದರೆ ಅಲ್ಲಿ ರಕ್ತ ಓಡುವುದಿಲ್ಲ, ಚರ್ಮ ಕೆಂಪಾಗುತ್ತದೆ, ಬೆರಳಲ್ಲಿ ಒತ್ತಿದರೂ ಆ ಕೆಂಪು ಹೋಗುವುದಿಲ್ಲ. ಅಲ್ಲಿಗೆ ಬೆಡ್‌ಸೋರ್ ಶುರುವಾಯಿತು ಅಂತ ಲೆಕ್ಕ. ಒಂದು ಸಲ ಹುಣ್ಣಾದರೆ ತಿಂಗಳುಗಟ್ಟಲೆ ಒಣಗುವುದಿಲ್ಲ.

ಏಳನೇ ಬೆಡ್ಡಿನವರು ಕಾಳುಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡವರು. ಎಂಟನೇ ಬೆಡ್ಡಿನವರಿಗೆ ಪಾರ್ಶ್ವವಾಯು ಹೊಡೆದು ಒಂದು ಕಡೆ ಸ್ವಾಧೀನ ತಪ್ಪಿತ್ತು, ಮಾತು ಚೆನ್ನಾಗಿಯೇ ಇತ್ತು. ಇಬ್ಬರೂ ಬೆಳೆಗಾರರು, ಅರವತ್ತು ದಾಟಿದವರು. ಅವರನ್ನು ಅಕ್ಕಪಕ್ಕ ಮಲಗಿಸಿದ ಮೇಲೆ ಗೊತ್ತಾಯಿತು, ಇಬ್ಬರದೂ ಅಕ್ಕಪಕ್ಕದ ತೋಟ. ಕಾಫಿ ಗಿಡ ಹೂ ಬಿಡಲೆಂದು ನೀರು ಹಾರಿಸುವಾಗ ನಡುವಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಯಾರು ಮೊದಲು ಪಂಪ್ ಇಡಬೇಕು ಅಂತ ಜಗಳವಾಗಿ, ಹನ್ನೊಂದು ವರ್ಷದಿಂದ ಮಾತಿಲ್ಲ. ಬೇರೆ ಬೆಡ್ ಖಾಲಿ ಇರಲಿಲ್ಲ.

ಏಳನೆಯವರು ಕಿಟಕಿ ಕಡೆ ತಿರುಗಿಸಿಕೊಂಡು ಮಲಗಿದರು. ಎಂಟನೆಯವರು ಬಾಗಿಲ ಕಡೆ ತಿರುಗಿಸಿಕೊಂಡರು. ಎರಡು ಗಂಟೆ ಆಯಿತು. ಹುಡುಗಿಯರು ಬಂದರು.

"ಅಂಕಲ್, ಈಗ ಈ ಕಡೆ ತಿರುಗ್ಬೇಕು."

"ಆ ಕಡೆ ತಿರುಗಲ್ಲ."

"ತಿರುಗದಿದ್ರೆ ಹುಣ್ಣಾಗುತ್ತೆ."

"ಆಗ್ಲಿ. ಆ ಮುಖ ನೋಡೋದಕ್ಕಿಂತ ಹುಣ್ಣೇ ವಾಸಿ."

ಎಂಟನೆಯವರ ಉತ್ತರವೂ ಇದೇ, ಬೈಗುಳ ಒಂದು ಹೆಚ್ಚು. ಎರಡನೇ ದಿನಕ್ಕೆ ಇಬ್ಬರ ಸೊಂಟದ ಹೊರಮಗ್ಗುಲೂ ಕೆಂಪಾಯಿತು. ಒತ್ತಿದೆ, ಕೆಂಪು ಹೋಗಲಿಲ್ಲ. ಏಳನೆಯವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಇವರ ಅಪ್ಪ ಇದೇ ಹುಣ್ಣಿನಿಂದ ಹೋದ್ರು ಸಿಸ್ಟರ್" ಅಂದರು. ನನಗೂ ಹೆದರಿಕೆಯಾಯಿತು.

ದಾರಿ ಹುಡುಕಿದ್ದು ಒಬ್ಬ ವಿದ್ಯಾರ್ಥಿನಿ. ಇಬ್ಬರನ್ನೂ ಒಂದೇ ದಿಕ್ಕಿಗೆ ತಿರುಗಿಸುವುದು. ಏಳು ಒಳಗೆ, ಅಂದರೆ ಎಂಟರ ಕಡೆ, ತಿರುಗಿದಾಗ ಎಂಟು ಬಾಗಿಲ ಕಡೆ, ಎಂಟು ಒಳಗೆ ತಿರುಗಿದಾಗ ಏಳು ಕಿಟಕಿ ಕಡೆ. ಕಾಣುವುದು ಬರೀ ಬೆನ್ನು. ಬೆನ್ನು ನೋಡಲು ಇಬ್ಬರದೂ ತಕರಾರಿರಲಿಲ್ಲ. ಗೋಡೆಗೆ ಚಾರ್ಟ್ ಅಂಟಿಸಿದಳು. ನಾಲ್ಕು ದಿನದಲ್ಲಿ ಕೆಂಪು ಮಾಯವಾಯಿತು.

ಐದನೇ ದಿನ ಹೊಸ ಬ್ಯಾಚಿನ ಹುಡುಗಿಯರು ಬಂದರು. ಚಾರ್ಟನ್ನು ಹೇಗೆ ಓದಿದರೋ ಗೊತ್ತಿಲ್ಲ, ಹತ್ತು ಗಂಟೆಗೆ ಇಬ್ಬರನ್ನೂ ಒಳಗೆ ತಿರುಗಿಸಿ, ಬೆನ್ನಿಗೆ ದಿಂಬು ಒತ್ತಿಟ್ಟು, ಇನ್ನೊಂದು ವಾರ್ಡಿಗೆ ಹೊರಟುಹೋದರು. ಏಳು, ಎಂಟು, ಮುಖಕ್ಕೆ ಮುಖ. ಇಬ್ಬರಿಗೂ ತಾವಾಗಿ ತಿರುಗುವ ಶಕ್ತಿಯಿಲ್ಲ.

ಹನ್ನೆರಡಕ್ಕೆ ನನಗೆ ಸುದ್ದಿ ಗೊತ್ತಾಗಿ ಓಡಿದೆ. ಬಾಗಿಲಲ್ಲೇ ಏಳನೆಯವರ ದನಿ ಕೇಳಿಸಿತು.

"ನಿನ್ನ ಪಂಪು ಎಷ್ಟು ಎಚ್‌ಪಿ?"

"ಏಳೂವರೆ."

"ಆ ತೋಡಿಗೆ ಏಳೂವರೆ ಹಾಕಿದ್ರೆ ಕಪ್ಪೆಯೂ ಉಳಿಯಲ್ಲ. ಅಲ್ವಾ?"

"ಅದು ಮಗ ತಂದದ್ದು ಮಾರಾಯ. ನಾನು ಬೇಡ ಅಂದೆ."

"ಹಂಗಾದ್ರೆ ಆವತ್ತೇ ಹೇಳೋದಲ್ವಾ?"

"ನೀನು ಕತ್ತಿ ಹಿಡ್ಕೊಂಡು ಬಂದಿದ್ದೆ. ಹೇಳೋದು ಹೇಗೆ?"

ನಾನು ಹುಡುಗಿಯರನ್ನು ಕರೆದು, ಮಗ್ಗುಲು ಬದಲಿಸಿ ಅಂದೆ. ಏಳನೆಯವರು ನನ್ನನ್ನು ನೋಡದೆಯೇ ಕೈ ಅಡ್ಡ ಹಿಡಿದರು. "ಸ್ವಲ್ಪ ತಾಳಮ್ಮ, ಮಾತಾಡ್ತಾ ಇದೀವಿ."

ಹನ್ನೊಂದು ವರ್ಷದ ಬಾಕಿ ಮಾತು ಒಂದು ದಿನದಲ್ಲಿ ಮುಗಿಯುವುದೇ? ಪಂಪು ಮುಗಿದ ಮೇಲೆ ಆನೆ ಕಾಟ, ಆನೆ ಮುಗಿದ ಮೇಲೆ ಆಸ್ಪತ್ರೆಯ ಉಪ್ಪಿಟ್ಟು. ಹೊರಕ್ಕೆ ತಿರುಗಿಸಲು ಹೋದವರಿಗೆಲ್ಲ ಬೈಗುಳ. ಎರಡು ದಿನ ಬಿಟ್ಟು ನೋಡಿದರೆ ಇಬ್ಬರ ಒಳಮಗ್ಗುಲೂ ಕೆಂಪಾಗಿತ್ತು.

ಹೊರಗಿನ ಪರೀಕ್ಷಕಿ

ನಮ್ಮ ಪ್ರಾಕ್ಟಿಕಲ್ ಪರೀಕ್ಷೆ ವಾರ್ಡಿನಲ್ಲಿ, ನಿಜವಾದ ರೋಗಿಯ ಮೇಲೆ ನಡೆಯುತ್ತದೆ. ಬೇರೆ ಕಾಲೇಜಿನಿಂದ ಒಬ್ಬ ಪರೀಕ್ಷಕರು ಬರುತ್ತಾರೆ. ಆ ಸಲ ಬಂದವರ ಹೆಸರು ಕೇಳಿಯೇ ಇಬ್ಬರು ಹುಡುಗಿಯರಿಗೆ ಜ್ವರ ಬಂದಿತ್ತು.

ಮೊದಲ ಸರದಿ ಬಂದದ್ದು ಒಂದು ಸಲ ಫೇಲಾಗಿದ್ದ ಹುಡುಗಿಗೆ. ಕೆಲಸದಲ್ಲಿ ಬಹಳ ಚುರುಕು. ಆದರೆ ಯಾರಾದರೂ ಎದುರು ನಿಂತು ಪ್ರಶ್ನೆ ಕೇಳಿದರೆ ನಾಲಿಗೆ ಕಟ್ಟುತ್ತದೆ. ಈ ಸಲವೂ ಫೇಲಾದರೆ ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂತ ಮನೆಯವರು ಹೇಳಿಬಿಟ್ಟಿದ್ದರು.

ಅವಳಿಗೆ ಬಿದ್ದ ರೋಗಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿ ಎರಡು ತಿಂಗಳಿಂದ ನಮ್ಮಲ್ಲೇ ಇದ್ದರು. ಮೂರು ಬ್ಯಾಚಿನ ಹುಡುಗಿಯರು ಡ್ರೆಸ್ಸಿಂಗ್ ಕಲಿತದ್ದು ಅವರ ಕಾಲಿನ ಮೇಲೆಯೇ. ನನ್ನ ಪಾಠಗಳನ್ನು ಹುಡುಗಿಯರಿಗಿಂತ ಹೆಚ್ಚು ಸಲ ಕೇಳಿದವರು ಅವರು.

ಪರೀಕ್ಷಕಿ ಬರುವ ಮೊದಲೇ ಹುಡುಗಿ ಕೈ ತೊಳೆದು, ಪರದೆ ಎಳೆದು, ಟ್ರೇ ಜೋಡಿಸಿ ನಿಂತಿದ್ದಳು. ಪರೀಕ್ಷಕಿ ಬಂದರು. ಕೈಯಲ್ಲಿದ್ದ ಮೊಬೈಲನ್ನು ಬ್ಯಾಗಿಗೆ ಹಾಕಿ ಕೇಳಿದರು.

"ಬೆಡ್‌ಸೋರ್‌ನಲ್ಲಿ ಎಷ್ಟು ಹಂತ?"

ಹುಡುಗಿಯ ಬಾಯಿ ತೆರೆಯಿತು, ಮಾತು ಬರಲಿಲ್ಲ. ಹಾಸಿಗೆಯಿಂದ ಉತ್ತರ ಬಂತು. "ನಾಲ್ಕು."

ಪರೀಕ್ಷಕಿ ಕನ್ನಡಕದ ಮೇಲಿಂದ ನೋಡಿದರು. "ನಾನು ನಿಮ್ಮನ್ನ ಕೇಳಿಲ್ಲ."

"ಕ್ಷಮಿಸಿ ಮೇಡಂ. ಅಭ್ಯಾಸ."

"ದೇಹದಲ್ಲಿ ನೀರು ಕಮ್ಮಿಯಾಗಿದೆ ಅಂತ ಚರ್ಮ ನೋಡಿ ಹೇಗೆ ಹೇಳ್ತೀಯ?"

ಹುಡುಗಿ ಯೋಚಿಸುತ್ತಿದ್ದಳು. ಕಂಡಕ್ಟರಣ್ಣ ಮಾತಾಡಲಿಲ್ಲ. ತಮ್ಮ ಕೈಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಮೇಲೆತ್ತಿ, ಬಿಟ್ಟು, ಅದು ಕೆಳಗಿಳಿಯುವುದನ್ನು ತುಂಬಾ ಆಸಕ್ತಿಯಿಂದ ನೋಡತೊಡಗಿದರು.

ಪರೀಕ್ಷಕಿಗೆ ರೇಗಿತು. ಟ್ರೇಯಿಂದ ಥರ್ಮಾಮೀಟರ್ ತೆಗೆಸಿ, "ಇವರ ನಾಲಿಗೆ ಕೆಳಗೆ ಇಡು" ಅಂದರು. ಹುಡುಗಿ ಇಟ್ಟಳು. "ಬೀಪ್ ಆಗೋವರೆಗೆ ತುಟಿ ತೆರೀಬೇಡಿ. ಕೈ ಹೊದಿಕೆ ಒಳಗಿರಲಿ."

ಕಂಡಕ್ಟರಣ್ಣ ಕೈ ಒಳಗಿಟ್ಟುಕೊಂಡು ಛಾವಣಿ ನೋಡುತ್ತಾ ಮಲಗಿದರು.

"ಕೊನೇ ಪ್ರಶ್ನೆ" ಅಂದರು ಪರೀಕ್ಷಕಿ. "ರೋಗಿಯ ಗಾಯ ಮುಟ್ಟುವ ಮುಂಚೆ ಎಲ್ಲಕ್ಕಿಂತ ಮೊದಲು ಏನು ಮಾಡ್ಬೇಕು?"

"ಪರದೆ ಎಳೀಬೇಕು, ಮೇಡಂ."

"ಅದಕ್ಕಿಂತ ಮುಖ್ಯವಾದ್ದು?"

"ರೋಗಿಗೆ ಹೇಳ್ಬೇಕು."

"ಅದಕ್ಕಿಂತ?"

ಹುಡುಗಿ ನೆಲ ನೋಡಿದಳು. ಅವಳು ಅದನ್ನು ಮಾಡಿಯೇ ನಿಂತಿದ್ದಳು, ಹೇಳಲು ಬರುತ್ತಿಲ್ಲ. ನಾನು ಗೋಡೆಗೆ ಒರಗಿ ನಿಂತೆ. ಹೋಯಿತು, ಎರಡನೇ ಸಲವೂ ಹೋಯಿತು ಅನ್ನಿಸಿತು.

"ಇಷ್ಟು ಗೊತ್ತಿಲ್ವಾ? ಸರಿ, ನಾನೇ ತೋರಿಸ್ತೀನಿ, ಗಾಯ ಹೇಗೆ ನೋಡೋದು ಅಂತ" ಅನ್ನುತ್ತಾ ಪರೀಕ್ಷಕಿ ಮುಂದೆ ಬಂದು ಕಂಡಕ್ಟರಣ್ಣನ ಪಾದಕ್ಕೆ ಕೈ ಚಾಚಿದರು.

ಕಾಲು ಸರ್ರೆಂದು ಒಳಗೆ ಹೋಯಿತು. ಅದೇ ಹೊತ್ತಿಗೆ ಬೀಪ್ ಆಯಿತು.

ಕಂಡಕ್ಟರಣ್ಣ ನಿಧಾನವಾಗಿ ಹೊದಿಕೆಯಿಂದ ಕೈ ತೆಗೆದರು. ಬಾಯಿಂದ ಥರ್ಮಾಮೀಟರ್ ತೆಗೆದರು. ಕಣ್ಣಿಂದ ದೂರ ಹಿಡಿದು ಓದಿದರು.

"ತೊಂಬತ್ತೆಂಟು ಪಾಯಿಂಟ್ ನಾಲ್ಕು. ನನಗೆ ಜ್ವರ ಇಲ್ಲ. ನೀವು ಕೈ ತೊಳ್ಕೊಂಡು ಬನ್ನಿ ಮೇಡಂ."

ಪರದೆಯ ಆಚೆ ಯಾರೋ ಕೆಮ್ಮಿದರು. ಪರೀಕ್ಷಕಿ ತಮ್ಮ ಕೈಗಳನ್ನು ನೋಡಿಕೊಂಡರು. ಸಿಂಕಿನ ಹತ್ತಿರ ಹೋಗಿ, ಸೋಪು ಹಚ್ಚಿ, ಬೆರಳ ಸಂದಿ, ಉಗುರು, ಮಣಿಕಟ್ಟು, ಪುಸ್ತಕದಲ್ಲಿರುವ ಎಲ್ಲ ಹಂತಗಳನ್ನೂ ಮಾಡಿ ವಾಪಸ್ ಬಂದರು. ಹುಡುಗಿಯ ಎದುರು ನಿಂತು ಮೆತ್ತಗಿನ ದನಿಯಲ್ಲಿ ಕೇಳಿದರು. "ಮೊದಲು ಏನು ಮಾಡ್ಬೇಕು?"

"ಕೈ ತೊಳೀಬೇಕು ಮೇಡಂ" ಅಂದಳು ಹುಡುಗಿ, ಗಟ್ಟಿಯಾಗಿ. ನಾಲಿಗೆಯ ಗಂಟು ಬಿಚ್ಚಿಹೋಗಿತ್ತು. ಆಮೇಲೆ ಡ್ರೆಸ್ಸಿಂಗ್ ಮಾಡುತ್ತಾ ಒಂದೊಂದು ಹಂತವನ್ನೂ ತಾನೇ ಹೇಳಿದಳು. ಕಂಡಕ್ಟರಣ್ಣ ಕಣ್ಣು ಮುಚ್ಚಿ, ಸರಿ ಬಂದ ಕಡೆಯೆಲ್ಲ ತಲೆಯಾಡಿಸಿದರು.

ಪಾಸಾದಳು. ಪರೀಕ್ಷಕಿ ಅಂಕ ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ನನ್ನನ್ನು ಪರದೆಯ ಹೊರಗೆ ಕರೆದು ಕಿವಿಯ ಹತ್ತಿರ ಬಗ್ಗಿದರು.

"ಸಿಸ್ಟರ್, ಇದೇ ವಾರ್ಡಲ್ಲಿ ಇನ್ನೂ ಆರು ಹುಡುಗಿಯರ ಪರೀಕ್ಷೆ ಇದೆ. ಊಟಕ್ಕೆ ಮುಂಚೆ ಇವರನ್ನ ಡಿಸ್ಚಾರ್ಜ್ ಮಾಡೋಕಾಗುತ್ತಾ?"